ಅಚ್ಚೆಂಬ ಅಪವಾದಕ್ಕೆ ಅಳತೆಯ ಉತ್ತರ: ಶಿಲ್ಪಿ ರೋಡಿನ್ ಬದುಕು

ಕಲಾಕೃತಿಗೆ ಜೀವಕಳೆಯಿದೆ ಎಂಬುದು ಸಾಮಾನ್ಯವಾಗಿ ಪ್ರಶಂಸೆಯ ಮಾತು. ಆದರೆ ಫ್ರಾನ್ಸಿನ ಶಿಲ್ಪಿ ಆಗಸ್ಟ್ ರೋಡಿನ್ ಪಾಲಿಗೆ 1877ರಲ್ಲಿ ಅದೇ ಅಪವಾದವಾಗಿ ಪರಿಣಮಿಸಿತು. ಆತ ರೂಪಿಸಿದ ಆಳೆತ್ತರದ ನಗ್ನ ಪುರುಷ ಪ್ರತಿಮೆ ಎಷ್ಟು ನೈಜವಾಗಿತ್ತೆಂದರೆ, ಅದು ಕೈಯಿಂದ ಮಾಡಿದ್ದಲ್ಲ, ಜೀವಂತ ಮನುಷ್ಯನ ಮೈಗೆ ಪ್ಲಾಸ್ಟರ್ ಮೆತ್ತಿ ತೆಗೆದ ಅಚ್ಚು ಎಂಬ ಶಂಕೆ ಎದ್ದಿತು. ಶಿಲ್ಪಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೊಂದಿರಲಿಲ್ಲ.

ರೋಡಿನ್ ಜನಿಸಿದ್ದು 1840ರ ನವೆಂಬರ್ 12ರಂದು, ಪ್ಯಾರಿಸ್‌ನಲ್ಲಿ. ತಂದೆ ಪೊಲೀಸ್ ಇಲಾಖೆಯ ಗುಮಾಸ್ತ. ಪ್ರತಿಷ್ಠಿತ ಸರ್ಕಾರಿ ಕಲಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ರೋಡಿನ್ ಮೂರು ಬಾರಿ ಅನುತ್ತೀರ್ಣನಾದ. 1862ರಲ್ಲಿ ಅಕ್ಕ ಮರಿಯಾ ತೀರಿಕೊಂಡಾಗ ಮನನೊಂದು ಕ್ರೈಸ್ತ ಮಠವೊಂದನ್ನು ಸೇರಿದ. ಶಿಲ್ಪಕಲೆಯಲ್ಲಿ ಆತನಿಗಿದ್ದ ಒಲವನ್ನು ಗುರುತಿಸಿದ ಮಠದ ಮುಖ್ಯಸ್ಥ ಫಾದರ್ ಐಮಾರ್, ಆತನನ್ನು ಮರಳಿ ಕಲೆಯತ್ತ ಕಳುಹಿಸಿದರು. ಮುಂದೆ ಹಲವು ವರ್ಷ ಆತ ಅನ್ಯರ ಕಾರ್ಯಾಗಾರಗಳಲ್ಲಿ ಕಟ್ಟಡಗಳ ಅಲಂಕಾರದ ಕೆಲಸ ಮಾಡಿಕೊಂಡು ಬದುಕಿದ. 1871ರಲ್ಲಿ ಉದ್ಯೋಗ ಅರಸಿ ಬೆಲ್ಜಿಯಂನ ಬ್ರಸೆಲ್ಸ್‌ಗೆ ತೆರಳಿದ.

ವಿವಾದಕ್ಕೆ ಕಾರಣವಾದ 'ಕಂಚಿನ ಯುಗ' ರೂಪುಗೊಂಡದ್ದು ಅಲ್ಲಿಯೇ. ಆಗಸ್ಟ್ ನೇಯ್ಟ್ ಎಂಬ ಯುವ ಸೈನಿಕ ಅದಕ್ಕೆ ರೂಪದರ್ಶಿಯಾಗಿದ್ದ. ಸುಮಾರು ಒಂದೂವರೆ ವರ್ಷ ರೋಡಿನ್ ಈ ಒಂದೇ ಆಕೃತಿಯ ಮೇಲೆ ದುಡಿದ. ರೂಪದರ್ಶಿಯನ್ನು ಎಲ್ಲ ಕೋನಗಳಿಂದಲೂ ಪರಿಶೀಲಿಸಿ, ಪ್ರತಿ ಅಂಚುರೇಖೆಯನ್ನೂ ಜೇಡಿಮಣ್ಣಿನಲ್ಲಿ ಮೂಡಿಸುವುದು ಆತನ ಕ್ರಮ. ನಡುವೆ ಇಟಲಿಗೆ ಹೋಗಿ ಮೈಕೆಲೆಂಜೆಲೊನ ಶಿಲ್ಪಗಳನ್ನು ಅಧ್ಯಯನ ಮಾಡಿ ಬಂದ. ಎಡಗೈಯಲ್ಲಿದ್ದ ಈಟಿಯನ್ನು ತೆಗೆದುಹಾಕಿದ ಬಳಿಕ ಪ್ರತಿಮೆಯಲ್ಲಿ ಕಥೆಯ ಸುಳಿವೂ ಇಲ್ಲವಾಗಿ, ಬರಿಯ ದೇಹವಷ್ಟೇ ಉಳಿಯಿತು.

1877ರ ಜನವರಿಯಲ್ಲಿ ಬ್ರಸೆಲ್ಸ್‌ನಲ್ಲಿ, ಆನಂತರ ಪ್ಯಾರಿಸ್‌ನ ವಾರ್ಷಿಕ ಪ್ರದರ್ಶನದಲ್ಲಿ ಪ್ರತಿಮೆ ಪ್ರದರ್ಶಿತವಾಯಿತು. ಆರೋಪ ಎರಡೂ ಕಡೆ ಬೆನ್ನು ಬಿಡಲಿಲ್ಲ. ತನ್ನ ಪ್ರಾಮಾಣಿಕತೆಯನ್ನು ಸಾಬೀತುಪಡಿಸಲು ರೋಡಿನ್ ರೂಪದರ್ಶಿಯ ಛಾಯಾಚಿತ್ರಗಳನ್ನು ತೆಗೆಸಿದ. ಹೆಸರೇ ಇಲ್ಲದ, ಮೂವತ್ತಾರರ ಶಿಲ್ಪಿಯ ಮಾತಿಗೆ ಬೆಲೆ ಸಿಗಲಿಲ್ಲ.

ಆಗ ಆತ ಕಂಡುಕೊಂಡ ಉತ್ತರ ಸರಳವಾದುದು. ದೇಹದ ಮೇಲೆ ತೆಗೆದ ಅಚ್ಚು ಆ ದೇಹದ ಅಳತೆಯನ್ನು ಮೀರಲಾರದು. ಹಾಗಾದರೆ ದೇಹಕ್ಕಿಂತ ದೊಡ್ಡದಾದ, ಅಷ್ಟೇ ನೈಜವಾದ ಪ್ರತಿಮೆಯನ್ನು ಮಾಡಿದರೆ ಯಾರೂ ಅದನ್ನು ಅಚ್ಚು ಎನ್ನುವಂತಿಲ್ಲ. ಇಟಲಿಯ ರೈತನೊಬ್ಬನನ್ನು ರೂಪದರ್ಶಿಯಾಗಿಟ್ಟುಕೊಂಡು ಆತ ನಿರ್ಮಿಸಿದ 'ಸ್ನಾನಿಕ ಯೋಹಾನ' ಸುಮಾರು 2 ಮೀಟರ್ ಎತ್ತರದ್ದು. ಇತ್ತ ಹಿರಿಯ ಶಿಲ್ಪಿಗಳೂ ರೋಡಿನ್ ಪರವಾಗಿ ಸಾಕ್ಷಿ ನುಡಿದರು. 1880ರಲ್ಲಿ ಫ್ರಾನ್ಸ್ ಸರ್ಕಾರ 'ಕಂಚಿನ ಯುಗ'ವನ್ನು ಖರೀದಿಸಿತು. ಅದೇ ವರ್ಷ 'ನರಕದ ಬಾಗಿಲು' ಎಂಬ ಬೃಹತ್ ದ್ವಾರದ ಕೆಲಸವನ್ನೂ ಆತನಿಗೆ ವಹಿಸಿತು.

ಅಳತೆಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಜಗತ್ತಿಗೆಲ್ಲ ಪರಿಚಿತವಾದ 'ಚಿಂತಕ' ಮೂಲತಃ ಆ ದ್ವಾರದ ಮೇಲ್ಭಾಗಕ್ಕೆಂದು ಮಾಡಿದ, ಸುಮಾರು 70 ಸೆಂಟಿಮೀಟರ್ ಎತ್ತರದ ಆಕೃತಿ. ಅದರ ಬೃಹತ್ ರೂಪ 1904ರಲ್ಲಿ ಪ್ರದರ್ಶನ ಕಂಡಿತು. 'ಕ್ಯಾಲೆಯ ನಾಗರಿಕರು' ಶಿಲ್ಪವು 1347ರಲ್ಲಿ ಮುತ್ತಿಗೆಗೊಳಗಾದ ತಮ್ಮ ಊರನ್ನು ಉಳಿಸಲು ಪ್ರಾಣ ಕೊಡಲು ಮುಂದಾದ ಆರು ಜನರ ಚಿತ್ರಣ. ಆಳೆತ್ತರಕ್ಕಿಂತ ತುಸು ದೊಡ್ಡದಾದ ಈ ಆಕೃತಿಗಳನ್ನು ನೆಲಮಟ್ಟದಲ್ಲಿ, ಜನರ ನಡುವೆ ನಿಲ್ಲಿಸಬೇಕೆಂಬುದು ರೋಡಿನ್ ಆಸೆಯಾಗಿತ್ತು. 1895ರಲ್ಲಿ ಅನಾವರಣಗೊಂಡಾಗ ಊರಿನವರು ಅವನ್ನು ಎತ್ತರದ ಪೀಠಕ್ಕೇರಿಸಿದರು.

ಇಲ್ಲೊಂದು ವಿಪರ್ಯಾಸವೂ ಇದೆ. ಸ್ವಂತ ಕೈಯ ಕೆಲಸಕ್ಕಾಗಿ ಹೋರಾಡಿದ ರೋಡಿನ್, ಪ್ರಸಿದ್ಧಿಗೆ ಬಂದ ನಂತರ ಅನೇಕ ಕೈಗಳನ್ನು ಅವಲಂಬಿಸಿದ. 'ಚಿಂತಕ'ನನ್ನು ಹಿಗ್ಗಿಸಿದ್ದು ಯಂತ್ರದ ನೆರವಿನಿಂದ ಅಳತೆ ಬದಲಿಸುತ್ತಿದ್ದ ಕುಶಲಕರ್ಮಿ ಹೆನ್ರಿ ಲೆಬೊಸೆ. ಆತನ ಶಿಷ್ಯೆಯೂ ಪ್ರೇಯಸಿಯೂ ಆಗಿ ಕಾರ್ಯಾಗಾರದಲ್ಲಿ ದುಡಿದ ಕಮೀಲ್ ಕ್ಲೋಡೆಲ್ ಸ್ವತಃ ಶ್ರೇಷ್ಠ ಶಿಲ್ಪಿ. ಆದರೆ ಕುಟುಂಬದವರು 1913ರಲ್ಲಿ ಆಕೆಯನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. 1943ರಲ್ಲಿ ಆಕೆ ಕೊನೆಯುಸಿರೆಳೆದದ್ದೂ ಅಂತಹ ಚಿಕಿತ್ಸಾಲಯದಲ್ಲಿಯೇ.

ರೋಡಿನ್ ಎದುರಿಸಿದ ಆರೋಪ ಇಪ್ಪತ್ತನೆಯ ಶತಮಾನದಲ್ಲಿ ಕಲಾವಿಧಾನವೇ ಆಯಿತು. ಅತಿನೈಜ ಶಿಲ್ಪಕ್ಕೆ ಹೆಸರಾದ ಅಮೆರಿಕದ ಡ್ವೇನ್ ಹ್ಯಾನ್ಸನ್ (1925-1996) ಜೀವಂತ ವ್ಯಕ್ತಿಗಳ ಮೇಲೆಯೇ ಅಚ್ಚು ತೆಗೆದು, ಬಣ್ಣ ಬಳಿದು, ನಿಜವಾದ ಬಟ್ಟೆ ತೊಡಿಸಿ ಪ್ರವಾಸಿಗರನ್ನೂ ಕಾರ್ಮಿಕರನ್ನೂ ಆಳೆತ್ತರದಲ್ಲಿ ನಿಲ್ಲಿಸಿದ. ಆಸ್ಟ್ರೇಲಿಯಾ ಮೂಲದ ರಾನ್ ಮ್ಯೂಕ್ ಆರಿಸಿಕೊಂಡದ್ದು ರೋಡಿನ್ ಹಿಡಿದ ದಾರಿಯನ್ನು. ಚರ್ಮದ ಸುಕ್ಕು, ರೋಮಗಳೆಲ್ಲ ನಿಜ. ಅಳತೆ ಮಾತ್ರ ಬೇರೆ. 1999ರ 'ಬಾಲಕ' ಕುಕ್ಕರಗಾಲಿನಲ್ಲಿ ಕುಳಿತಿದ್ದರೂ ಸುಮಾರು 5 ಮೀಟರ್ ಎತ್ತರ. ತೀರಿಕೊಂಡ ತಂದೆಯ ಪ್ರತಿಮೆಯಾದರೋ ಕೇವಲ ಒಂದು ಮೀಟರಿನಷ್ಟು ಉದ್ದ. ಆಳೆತ್ತರದ ಪ್ರತಿಮೆ ಮನುಷ್ಯನೆಂದೇ ಭ್ರಮೆ ಹುಟ್ಟಿಸಿದರೆ, ಅಳತೆ ಬದಲಾದ ಪ್ರತಿಮೆ ನೋಡುಗನನ್ನು ತಡೆದು ನಿಲ್ಲಿಸಿ, ಮತ್ತೊಮ್ಮೆ ನೋಡುವಂತೆ ಮಾಡುತ್ತದೆ.

ರೋಡಿನ್ 1916ರಲ್ಲಿ ತನ್ನ ಕೃತಿಗಳನ್ನು ದೇಶಕ್ಕೆ ದಾನ ಮಾಡಿದ. ಅರ್ಧ ಶತಮಾನದ ಸಂಗಾತಿ ರೋಸ್ ಬ್ಯೂರೆಯನ್ನು 1917ರ ಜನವರಿ 29ರಂದು ವಿವಾಹವಾದ. ಎರಡು ವಾರಗಳಲ್ಲಿ ಆಕೆ ನಿಧನಳಾದಳು. ಅದೇ ವರ್ಷ ನವೆಂಬರ್ 17ರಂದು ರೋಡಿನ್ ಕೂಡ ಇಹಲೋಕ ತ್ಯಜಿಸಿದ. ಪ್ಯಾರಿಸ್ ಸಮೀಪದ ಮ್ಯೂಡಾನ್‌ನಲ್ಲಿರುವ ಅವರಿಬ್ಬರ ಸಮಾಧಿಯ ಮೇಲೆ, ಮೊಣಕೈಯನ್ನು ತೊಡೆಗೂರಿ ಬೃಹತ್ 'ಚಿಂತಕ' ಕುಳಿತಿದ್ದಾನೆ.