ಗುಬ್ಬಿಗೆ ಗುರಿಯಿಟ್ಟ ಹುಡುಗ, ಗೂಡುಗಳ ಕಾವಲಿಗೆ ನಿಂತ ಸಲೀಂ ಅಲಿ

ಹಿತ್ತಲಲ್ಲೋ ಬಾಲ್ಕನಿಯ ಮೂಲೆಯಲ್ಲೋ ಹಕ್ಕಿಗೂಡು ಕಂಡರೆ ಈಗ ನಮ್ಮ ಕೈ ಮೊದಲು ಹೋಗುವುದು ಮೊಬೈಲ್ ಕಡೆಗೆ. ನೂರು ವರ್ಷಗಳಿಗೂ ಹಿಂದೆ, ಮುಂಬೈನ ಖೇತ್‌ವಾಡಿಯ ಮನೆಯೊಂದರಲ್ಲಿ ಗುಬ್ಬಚ್ಚಿ ಗೂಡು ಕಂಡ ಹುಡುಗ ಕೈಗೆತ್ತಿಕೊಂಡದ್ದು ಏರ್‌ಗನ್. ಮುಂದೆ ದೇಶವೇ ಪಕ್ಷಿ ಮಾನವ ಎಂದು ಕರೆದ ಡಾ. ಸಲೀಂ ಅಲಿ ಅವರ ಬಾಲ್ಯ ಅದು.

ಸಲೀಂ ಹುಟ್ಟಿದ್ದು 1896ರ ನವೆಂಬರ್ 12ರಂದು. ಹತ್ತು ಮಕ್ಕಳಲ್ಲಿ ಕೊನೆಯವರು. ವರ್ಷ ತುಂಬುವಷ್ಟರಲ್ಲಿ ತಂದೆ, ಮೂರನೇ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಅವರೇ ಸಾಕಿದರು. ಮಾವನಿಗೆ ಬೇಟೆಯ ಹುಚ್ಚು, ಹುಡುಗನಿಗೂ ಅದೇ ಅಂಟಿತು.

ಲಾಯದ ಗೋಡೆಯಲ್ಲೊಂದು ಗೂಡು

ಕುದುರೆ ಲಾಯದ ಗೋಡೆಯ ತೂತಿನಲ್ಲಿ ಹೆಣ್ಣು ಗುಬ್ಬಿ ಮೊಟ್ಟೆಗೆ ಕಾವು ಕೊಡುತ್ತಿತ್ತು. ಹೊರಗೆ ಮೊಳೆಯ ಮೇಲೆ ಗಂಡಿನ ಕಾವಲು. ಸಲೀಂ ಅದನ್ನು ಹೊಡೆದುರುಳಿಸಿದ. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಅದೇ ಮೊಳೆಯ ಮೇಲೆ ಬಂದು ಕೂತಿತು. ಅದನ್ನೂ ಹೊಡೆದ. ಹೀಗೆ ಏಳು ದಿನಗಳಲ್ಲಿ ಎಂಟು ಗಂಡು ಗುಬ್ಬಿಗಳು ಬಿದ್ದವು.

ಇಂದು ಓದಿದರೆ ಮನಸ್ಸು ಕಲಕುತ್ತದೆ. ಆದರೆ ಹುಡುಗ ಇನ್ನೊಂದು ಕೆಲಸವನ್ನೂ ಮಾಡಿದ್ದ. ಕಂಡದ್ದನ್ನೆಲ್ಲ ಬರೆದಿಟ್ಟಿದ್ದ. ಗೂಡು ಬಿಡದ ಹೆಣ್ಣಿಗೆ ಪ್ರತಿಸಲವೂ ಹೊಸ ಜೊತೆ ಸಿಕ್ಕಿದ್ದು ಅವನ ಕಣ್ಣಿಗೆ ಬಿದ್ದಿತ್ತು.

1908ರಲ್ಲಿ ಹೊಡೆದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಯಾವ ಹಕ್ಕಿಯೆಂದು ಮಾವನಿಗೂ ತಿಳಿಯದೆ, ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್ ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಸೊಸೈಟಿಯ ಸಂಗ್ರಹವನ್ನೂ ತೋರಿಸಿದರು. ಸಲೀಂ ಬದುಕಿನ ದಿಕ್ಕು ಬದಲಾದದ್ದು ಅಲ್ಲಿ.

ಏಣಿ ಹತ್ತಿ ಕೂತ ನಿರುದ್ಯೋಗಿ

ಬರ್ಮಾದಲ್ಲಿ ಕುಟುಂಬದ ವ್ಯವಹಾರ ನೋಡಿಕೊಂಡ ಸಲೀಂ, 1918ರಲ್ಲಿ ತೆಹ್ಮಿನಾ ಅವರನ್ನು ಮದುವೆಯಾದರು. ಮುಂಬೈನ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮನ್ ಬಳಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದರೆ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ದಂಪತಿ ಸಮುದ್ರದಂಚಿನ ಕಿಹಿಮ್ ಊರಿಗೆ ಬಂದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳ ಗೂಡುಗಳು ತೂಗುತ್ತಿದ್ದವು. ಕೆಲಸ ಕಳೆದುಕೊಂಡವರು ಏಣಿಯ ಮೇಲೆ ಮರೆಯಲ್ಲಿ ಕೂತು ಗಂಟೆಗಟ್ಟಲೆ ನೋಡಿದರು. ಗಂಡು ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಹೆಣ್ಣು ಮೊಟ್ಟೆಯಿಡುತ್ತಿದ್ದಂತೆ ಗಂಡು ಇನ್ನೊಂದು ಗೂಡು, ಇನ್ನೊಂದು ಸಂಗಾತಿಯತ್ತ ಹೊರಡುತ್ತದೆ. ಅವರಿಗೆ ಹೆಸರು ತಂದುಕೊಟ್ಟದ್ದು ಈ ಅಧ್ಯಯನ. ಈ ಸಲ ಕೈಯಲ್ಲಿ ಬಂದೂಕಿರಲಿಲ್ಲ.

ಹಾಗೆಂದು ಬಂದೂಕನ್ನು ಅವರು ಪೂರ್ತಿ ಬಿಡಲಿಲ್ಲ. ಅಧ್ಯಯನಕ್ಕಾಗಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸುವುದು ಆ ಕಾಲದ ಪದ್ಧತಿಯಾಗಿತ್ತು, ಅವರೂ ಅದನ್ನು ಪಾಲಿಸಿದರು.

ಕಾವೇರಿಯ ನಡುಗಡ್ಡೆಗಳಿಗೆ ರಕ್ಷಣೆ

1939ರಲ್ಲಿ ತೆಹ್ಮಿನಾ ತೀರಿಕೊಂಡರು. ಆ ದುಃಖದ ದಿನಗಳಲ್ಲೇ ಸಲೀಂ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುವುದನ್ನು ಕಂಡು, ಈ ಜಾಗಕ್ಕೆ ರಕ್ಷಣೆ ಬೇಕೆಂದು ಮೈಸೂರು ಅರಸರಿಗೆ ತಿಳಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಾವು ಊರಿಗೆ ಹೋದಾಗ ಮಕ್ಕಳನ್ನು ದೋಣಿಯಲ್ಲಿ ಕೂರಿಸಿ ತೋರಿಸುವ ಆ ಗೂಡುಗಳ ಹಿಂದೆ ಅವರ ಮಾತಿದೆ.

1941ರಲ್ಲಿ ಅವರ ಭಾರತೀಯ ಹಕ್ಕಿಗಳ ಪುಸ್ತಕ ಬಂತು. ಡಿಲ್ಲನ್ ರಿಪ್ಲೆ ಜೊತೆಗೂಡಿ ಬರೆದ 10 ಸಂಪುಟಗಳ ಕೈಪಿಡಿ ಆಮೇಲಿನದು. 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಗೆ ನಾಮಕರಣ. ಆತ್ಮಕಥೆ ಬರೆದಾಗ ಲಾಯದ ಗುಬ್ಬಿಗಳ ಪ್ರಸಂಗವನ್ನು ಅವರು ಮುಚ್ಚಿಡಲಿಲ್ಲ. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ನಿಧನರಾದರು.

ಮುಂದಿನ ಸಲ ನಿಮ್ಮ ಹಿತ್ತಲಲ್ಲಿ ರೆಕ್ಕೆ ಬಲಿಯುತ್ತಿರುವ ಮರಿಯೊಂದು ಕುಪ್ಪಳಿಸುವುದು ಕಂಡರೆ, ಒಡನೆ ಎತ್ತಿಕೊಳ್ಳಬೇಡಿ. ಬೆಕ್ಕು, ನಾಯಿಗಳನ್ನು ದೂರವಿಟ್ಟು, ನೀವೂ ಸ್ವಲ್ಪ ದೂರ ನಿಂತು ನೋಡಿ. ಹೆಚ್ಚಿನ ಸಲ ತಾಯಿ ಹಕ್ಕಿ ಬಾಯಲ್ಲಿ ಹುಳು ಹಿಡಿದು ಅಲ್ಲೇ ಎಲ್ಲೋ ಕಾಯುತ್ತಿರುತ್ತದೆ.