ಎತ್ತರದ ಲೆಕ್ಕ ಬದಲಿಸಿದ ಢಾಕಾದ ಹುಡುಗ

ಸಿವಿಲ್ ಎಂಜಿನಿಯರ್‌ಗಳ ಹೆಸರು ಜನರ ಬಾಯಲ್ಲಿ ಉಳಿಯುವುದು ಅಪರೂಪ. ಸರ್ ಎಂ. ವಿಶ್ವೇಶ್ವರಯ್ಯ ಅವರನ್ನು ಬಿಟ್ಟು ಇನ್ನೊಂದು ಹೆಸರು ಹೇಳಿ ಎಂದರೆ ಸಿವಿಲ್ ಓದಿದ ನಾವೇ ತಡವರಿಸುತ್ತೇವೆ. ಕಟ್ಟಡ ಎದ್ದು ನಿಂತ ಮೇಲೆ ಮಾಲೀಕನ ಹೆಸರು ಬೋರ್ಡಿನ ಮೇಲೆ ಬರುತ್ತದೆ, ವಾಸ್ತುಶಿಲ್ಪಿಯ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಅದು ಬೀಳದಂತೆ ಲೆಕ್ಕ ಹಾಕಿದವನ ಹೆಸರು ಕಡತದಲ್ಲೇ ಉಳಿಯುತ್ತದೆ. ಆದರೆ ಅಮೆರಿಕದ ಷಿಕಾಗೊ ನಗರದಲ್ಲಿ, 110 ಅಂತಸ್ತಿನ ಕಟ್ಟಡವೊಂದರ ಬುಡದಲ್ಲಿರುವ ಬೀದಿಮೂಲೆಗೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹೆಸರಿಟ್ಟಿದ್ದಾರೆ. ಅವರು ನಮ್ಮ ಉಪಖಂಡದವರೇ. ಹೆಸರು ಫಜ್ಲುರ್ ರಹಮಾನ್ ಖಾನ್.

ನಾನು ಬಿ.ಇ. ಸಿವಿಲ್ ಮುಗಿಸಿ ಎರಡು ವರ್ಷವಾಯಿತು. ಖಾನ್ ಅವರ ಹೆಸರು ನನಗೆ ಮೊದಲು ಸಿಕ್ಕಿದ್ದು ಎತ್ತರದ ಕಟ್ಟಡಗಳ ಬಗೆಗಿನ ಪಠ್ಯದ ಒಂದೇ ಒಂದು ಪ್ಯಾರಾದಲ್ಲಿ. ಪರೀಕ್ಷೆಗೆ ಐದು ಅಂಕಕ್ಕೆ ಬೇಕಾದಷ್ಟು ಓದಿಕೊಂಡು ಮುಂದೆ ಹೋಗಿದ್ದೆ. ಕೆಲಸ ಹುಡುಕುತ್ತಾ ಖಾಲಿ ಕೂತ ದಿನಗಳಲ್ಲಿ ಅವರ ಜೀವನವನ್ನು ಹುಡುಕಿ ಓದಿದೆ. ಓದುತ್ತಾ ಹೋದಂತೆ, ಇವರ ಕಥೆ ಗಗನಚುಂಬಿಗಳಿಗಿಂತ ಹೆಚ್ಚಾಗಿ ಮಿತವ್ಯಯದ ಕಥೆ ಅನ್ನಿಸಿತು. ಕಡಿಮೆ ಉಕ್ಕು, ಕಡಿಮೆ ಜಾಗ, ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರಿಗೆ ನೆಲೆ ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಅವರು ಜೀವನವಿಡೀ ಬೇರೆ ಬೇರೆ ರೀತಿಯಲ್ಲಿ ಕೇಳಿಕೊಂಡರು.

ಖಾನ್ ಹುಟ್ಟಿದ್ದು 1929ರ ಏಪ್ರಿಲ್ 3ರಂದು. ತಂದೆ ಗಣಿತದ ಮೇಷ್ಟ್ರು, ಪಠ್ಯಪುಸ್ತಕಗಳನ್ನೂ ಬರೆದವರು. ಢಾಕಾದಲ್ಲಿ ಶಾಲೆ ಮುಗಿಸಿದ ಹುಡುಗ ಎಂಜಿನಿಯರಿಂಗ್ ಓದಲು ಕಲ್ಕತ್ತದ ಬಳಿಯ ಶಿಬಪುರದ ಬೆಂಗಾಲ್ ಎಂಜಿನಿಯರಿಂಗ್ ಕಾಲೇಜು ಸೇರಿದ. ಓದು ನಡೆಯುತ್ತಿರುವಾಗಲೇ ದೇಶ ಎರಡಾಯಿತು. 1950ರಲ್ಲಿ ಕೋಮುಗಲಭೆ ಹತ್ತಿ ಉರಿದಾಗ ಶಿಬಪುರದಲ್ಲಿ ಉಳಿಯಲು ಆಗಲಿಲ್ಲ. ಢಾಕಾಕ್ಕೆ ಮರಳಿ ಅಲ್ಲಿನ ಅಹ್ಸಾನುಲ್ಲಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಮುಗಿಸಬೇಕಾಯಿತು. ಕೊನೆಯ ವರ್ಷದಲ್ಲಿ ಕಾಲೇಜು, ಊರು, ದೇಶ ಎಲ್ಲ ಬದಲಾದರೂ ಖಾನ್ ಮೊದಲ ಸ್ಥಾನದಲ್ಲಿ ಪಾಸಾದರು.

ಆಮೇಲೆ ಸ್ವಲ್ಪ ಕಾಲ ಹೆದ್ದಾರಿ ಇಲಾಖೆಯ ಕೆಲಸ, ಓದಿದ ಕಾಲೇಜಿನಲ್ಲೇ ಪಾಠ. 1952ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಮೂರೇ ವರ್ಷದಲ್ಲಿ ಎರಡು ಸ್ನಾತಕೋತ್ತರ ಪದವಿ, ಜೊತೆಗೊಂದು ಪಿಎಚ್.ಡಿ. 1955ರಲ್ಲಿ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಎಂಬ ದೊಡ್ಡ ವಾಸ್ತುಶಿಲ್ಪ ಸಂಸ್ಥೆಯ ಷಿಕಾಗೊ ಕಚೇರಿಯಲ್ಲಿ ಕೆಲಸ ಸಿಕ್ಕಿತು.

ಇಲ್ಲಿಯವರೆಗಿನದು ಬುದ್ಧಿವಂತ ಹುಡುಗನ ಕಥೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದರ ಮುಂದಿನ ಭಾಗ. 1957ರಲ್ಲಿ ಖಾನ್ ಆಗಿನ ಪಾಕಿಸ್ತಾನಕ್ಕೆ ಮರಳಿದರು. ಕರಾಚಿ ಅಭಿವೃದ್ಧಿ ಪ್ರಾಧಿಕಾರದಲ್ಲಿ ದೊಡ್ಡ ಹುದ್ದೆಯೇ ಸಿಕ್ಕಿತು. ಆದರೆ ಕೆಲಸದ ಹೊತ್ತೆಲ್ಲ ಆಡಳಿತಕ್ಕೇ ಹೋಗುತ್ತಿತ್ತು, ವಿನ್ಯಾಸ ಮಾಡಲು ಅವಕಾಶ ಸಿಗಲಿಲ್ಲ. 1960ರಲ್ಲಿ ಷಿಕಾಗೊದ ಹಳೆಯ ಸಂಸ್ಥೆಗೇ ವಾಪಸಾದರು. ನಮ್ಮ ಮನೆಗಳಲ್ಲಿ ಇಂಥ ನಿರ್ಧಾರಕ್ಕೆ ಏನನ್ನುತ್ತಾರೆ ಎಂದು ನಿಮಗೂ ಗೊತ್ತು. ಕೈಗೆ ಬಂದ ಸರ್ಕಾರಿ ಹುದ್ದೆ ಬಿಟ್ಟವನನ್ನು ನೋಡಿ ನಗುವವರೇ ಹೆಚ್ಚು. ಯಾವ ಕೆಲಸದಿಂದ ಹೆಸರು ಬರುತ್ತದೆ ಎನ್ನುವುದಕ್ಕಿಂತ, ಯಾವ ಕೆಲಸದಲ್ಲಿ ಕಲಿತದ್ದು ಬಳಕೆಯಾಗುತ್ತದೆ ಎನ್ನುವುದನ್ನು ಅವರು ನೋಡಿದರು ಅನ್ನಿಸುತ್ತದೆ.

ಅವರ ಮುಂದಿದ್ದ ಸಮಸ್ಯೆಯನ್ನು ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ. ಕಟ್ಟಡಕ್ಕೆ ಒಂದೊಂದು ಅಂತಸ್ತು ಸೇರಿಸಿದಂತೆ ಅದರ ಭಾರ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಗಾಳಿಯ ಪರಿಣಾಮ ಹಾಗಲ್ಲ, ಎತ್ತರ ಏರಿದಂತೆ ಅದು ಬಹಳ ಬೇಗ ಏರುತ್ತದೆ. ಆ ಕಾಲದ ಕಟ್ಟಡಗಳಲ್ಲಿ ಕಂಬಗಳು ಒಳಗೆಲ್ಲ ಹರಡಿಕೊಂಡಿರುತ್ತಿದ್ದವು. ಗಾಳಿಗೆ ಅಲುಗದಂತೆ ಮಾಡಬೇಕಾದರೆ ಕಂಬ, ತೊಲೆಗಳನ್ನು ದಪ್ಪ ಮಾಡುತ್ತಾ ಹೋಗಬೇಕಿತ್ತು. ಹಾಗಾಗಿ ಮೇಲೆ ಹೋದಂತೆ ಒಂದು ಚದರ ಅಡಿಗೆ ಬೇಕಾಗುವ ಉಕ್ಕು ವಿಪರೀತ ಏರುತ್ತಿತ್ತು. ಎತ್ತರಕ್ಕೆ ಕಟ್ಟಬೇಕಾದ ಈ ಹೆಚ್ಚುವರಿ ದಂಡವನ್ನು ಇಳಿಸುವುದು ಹೇಗೆ ಎಂಬುದೇ ಖಾನ್ ಅವರ ಪ್ರಶ್ನೆ.

ಉತ್ತರ ಅರ್ಥವಾಗಬೇಕಾದರೆ ಮಲೆನಾಡಿನ ಬಿದಿರನ್ನು ನೆನೆಯಿರಿ. ಬಿದಿರಿನ ಒಳಗೆ ಏನೂ ಇಲ್ಲ, ಶಕ್ತಿಯೆಲ್ಲ ಹೊರ ಸುತ್ತಿನಲ್ಲಿದೆ. ಅಷ್ಟೇ ತೂಕದ ಗಟ್ಟಿ ಕೋಲಿಗಿಂತ ಟೊಳ್ಳು ಬಿದಿರು ಗಾಳಿಗೆ ಚೆನ್ನಾಗಿ ನಿಲ್ಲುತ್ತದೆ. ಖಾನ್ ಕಟ್ಟಡದ ಬಲವನ್ನೂ ಹಾಗೆಯೇ ಹೊರಗೋಡೆಗೆ ತಂದರು. ಹೊರಸುತ್ತಿನಲ್ಲಿ ಒತ್ತೊತ್ತಾಗಿ ಕಂಬಗಳು, ಅವನ್ನು ಬಿಗಿಯುವ ಆಳವಾದ ತೊಲೆಗಳು. ಇಡೀ ಕಟ್ಟಡವೇ ನೆಲಕ್ಕೆ ನೆಟ್ಟ ಒಂದು ಕೊಳವೆಯಂತೆ ವರ್ತಿಸುತ್ತದೆ. ಎಂಜಿನಿಯರ್‌ಗಳು ಇದನ್ನು ಟ್ಯೂಬ್ ವ್ಯವಸ್ಥೆ ಎನ್ನುತ್ತಾರೆ. 1960ರ ದಶಕದ ಮಧ್ಯದಲ್ಲಿ ಷಿಕಾಗೊದಲ್ಲಿ ಕಟ್ಟಿದ 43 ಅಂತಸ್ತಿನ ಡೆವಿಟ್-ಚೆಸ್ಟ್‌ನಟ್ ಅಪಾರ್ಟ್‌ಮೆಂಟ್ ಇದರ ಮೊದಲ ಪ್ರಯೋಗ. ಅದರ ಹೊರಗೋಡೆಯಲ್ಲಿ ಐದೂವರೆ ಅಡಿಗೊಂದು ಕಾಂಕ್ರೀಟ್ ಕಂಬ. ಮುಂದೆ ಹ್ಯೂಸ್ಟನ್ ನಗರದಲ್ಲಿ 52 ಅಂತಸ್ತಿನ ಒನ್ ಶೆಲ್ ಪ್ಲಾಜಾ ಕಟ್ಟಿದಾಗ, ಒಂದು ಚದರ ಅಡಿಗೆ ಬಿದ್ದ ಖರ್ಚು ಹಳೆಯ ಪದ್ಧತಿಯಲ್ಲಿ 35 ಅಂತಸ್ತಿನ ಕಟ್ಟಡಕ್ಕೆ ಬೀಳುವಷ್ಟೇ ಆಯಿತು.

ಇಲ್ಲಿ ಕಾಲೇಜಿನಲ್ಲಿರುವವರಿಗೆ ಒಂದು ಮಾತು ಹೇಳಲೇಬೇಕು. ಖಾನ್ ಕಚೇರಿ ಕೆಲಸದ ಜೊತೆಗೆ ಷಿಕಾಗೊದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಿದ್ದರು. ಅಲ್ಲಿ ಜಪಾನಿನ ವಿದ್ಯಾರ್ಥಿಯೊಬ್ಬರು ಕಟ್ಟಡದ ಹೊರಮೈಗೆ ದೊಡ್ಡ ಓರೆಪಟ್ಟಿಗಳನ್ನು ಹಾಕಿ ಬಲಪಡಿಸುವ ಬಗ್ಗೆ ಪ್ರೌಢಪ್ರಬಂಧ ಮಾಡಿದರು. ಖಾನ್ ಮತ್ತು ಅವರ ಸಹೋದ್ಯೋಗಿ ಮೈರನ್ ಗೋಲ್ಡ್‌ಸ್ಮಿತ್ ಅದರ ಮಾರ್ಗದರ್ಶಕರು. ಕೆಲವೇ ವರ್ಷಗಳಲ್ಲಿ ಆ ಆಲೋಚನೆ ಷಿಕಾಗೊದಲ್ಲಿ 100 ಅಂತಸ್ತಿನ ಜಾನ್ ಹ್ಯಾನ್‌ಕಾಕ್ ಸೆಂಟರ್ ಆಗಿ ಎದ್ದು ನಿಂತಿತು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಬೈಂಡಿಂಗ್ ಅಂಗಡಿಯಿಂದ ನೇರ ಕಪಾಟಿಗೆ ಹೋಗುತ್ತದೆ. ಅಲ್ಲಿ ಅದು ಊರಿನ ಆಕಾಶರೇಖೆಯನ್ನೇ ಬದಲಿಸಿತು.

1969ರಲ್ಲಿ ಮುಗಿದ ಹ್ಯಾನ್‌ಕಾಕ್ ಕಟ್ಟಡ 344 ಮೀಟರ್ ಎತ್ತರವಿದೆ. ಅದನ್ನು ದೂರದಿಂದ ನೋಡಿದರೂ ಮೈಮೇಲೆ ಹಾದುಹೋದ ದೊಡ್ಡ ಎಕ್ಸ್ ಆಕಾರದ ಪಟ್ಟಿಗಳು ಕಾಣುತ್ತವೆ. ಅವು ಅಲಂಕಾರವಲ್ಲ. ಗಾಳಿಯನ್ನು ತಡೆಯುವ, ಭಾರವನ್ನು ಹೊರಗಿನ ಕಂಬಗಳಿಗೆ ಹಂಚುವ ಅಸ್ಥಿಪಂಜರವೇ ಅವು. 1931ರಲ್ಲಿ ಮುಗಿದ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಒಂದು ಚದರ ಮೀಟರಿಗೆ ಸುಮಾರು 206 ಕಿಲೋ ಉಕ್ಕು ಬೇಕಾಗಿತ್ತು. ಹ್ಯಾನ್‌ಕಾಕ್‌ಗೆ ಸುಮಾರು 145 ಕಿಲೋ ಸಾಕಾಯಿತು. ಉಳಿದ ಉಕ್ಕನ್ನು ಗಣಿಯಿಂದ ತೆಗೆಯಬೇಕಿಲ್ಲ, ಕರಗಿಸಬೇಕಿಲ್ಲ, ಸಾಗಿಸಬೇಕಿಲ್ಲ. ಹಸಿರು ಕಟ್ಟಡ ಎಂಬ ಮಾತು ರೂಢಿಗೆ ಬರುವ ಮೊದಲೇ ನಡೆದ ಕೆಲಸ ಇದು.

ಉಕ್ಕಿನಷ್ಟೇ ಮುಖ್ಯವಾದದ್ದು ಜಾಗದ ಲೆಕ್ಕ. ಆ ನಿವೇಶನದಲ್ಲಿ ಮೊದಲು ಯೋಚಿಸಿದ್ದು ಎರಡು ಗೋಪುರಗಳನ್ನು, ಒಂದು ಕಚೇರಿಗೆ, ಇನ್ನೊಂದು ಮನೆಗಳಿಗೆ. ಎರಡೂ ಎದ್ದಿದ್ದರೆ ನೆಲವೆಲ್ಲ ತುಂಬಿ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತಿತ್ತು. ಖಾನ್ ಮತ್ತು ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಎರಡನ್ನೂ ಒಂದರ ಮೇಲೊಂದು ಇಟ್ಟರು. ಕೆಳಗೆ ಅಂಗಡಿ, ವಾಹನ ನಿಲುಗಡೆ, ನಡುವೆ ಕಚೇರಿ, ಮೇಲೆ ಸುಮಾರು 700 ಮನೆ. 44ನೇ ಅಂತಸ್ತಿನಲ್ಲಿ ದಿನಸಿ ಅಂಗಡಿ, ಈಜುಕೊಳ. ಕಚೇರಿಗೆ ಅಗಲ ಜಾಗ ಬೇಕು, ಮನೆಗಳಿಗೆ ಕಿಟಕಿಯ ಬೆಳಕು ಬೇಕು. ಅದಕ್ಕೇ ಕಟ್ಟಡ ಮೇಲೆ ಹೋದಂತೆ ಕಿರಿದಾಗುತ್ತದೆ. ಕೆಲಸದ ಜಾಗಕ್ಕೂ ಮನೆಗೂ ನಡುವೆ ಲಿಫ್ಟಿನ ದಾರಿಯಷ್ಟೇ ಇದ್ದರೆ ರಸ್ತೆಯ ಮೇಲಿನ ಒತ್ತಡ ಎಷ್ಟು ಇಳಿಯುತ್ತದೆ ಎಂದು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂತು ಇಂಟರ್‌ವ್ಯೂಗೆ ಹೋಗುವ ನಮಗೆ ಬೇರೆಯವರು ಹೇಳಬೇಕಿಲ್ಲ. ಆದರೆ ಹ್ಯಾನ್‌ಕಾಕ್‌ನ ಮನೆಗಳು ಬಡವರ ಮನೆಗಳಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ತಂತ್ರಜ್ಞಾನ ಖರ್ಚನ್ನು ಇಳಿಸಬಲ್ಲದು. ಆ ಉಳಿತಾಯ ಯಾರ ಕೈಸೇರುತ್ತದೆ ಎಂಬುದನ್ನು ನಿರ್ಧರಿಸುವವರು ಬೇರೆ.

ಕಟ್ಟಡ ಬೀಳುವುದಿಲ್ಲ ಎಂದು ಲೆಕ್ಕ ಹೇಳಿದರೆ ಸಾಲದು, ಮೇಲೆ ಮಲಗಿದವರಿಗೆ ಅದು ತೂಗಿದಂತೆ ಅನ್ನಿಸಲೂ ಬಾರದು. ಮನುಷ್ಯನಿಗೆ ಎಷ್ಟು ಅಲುಗಾಟ ಗೊತ್ತಾಗುತ್ತದೆ ಎಂದು ತಿಳಿಯಲು ಖಾನ್ ಷಿಕಾಗೊದ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿದ್ದ ತಿರುಗುವ ಪ್ರದರ್ಶನ ವೇದಿಕೆಯೊಂದನ್ನು ಬಳಸಿಕೊಂಡು ಜನರ ಮೇಲೆ ಪರೀಕ್ಷೆ ಮಾಡಿದರು. ಪ್ರಯೋಗಾಲಯ ಇಲ್ಲ ಎಂದು ಕೈಕಟ್ಟಿ ಕೂರಲಿಲ್ಲ.

ಮುಂದಿನದು ಸಿಯರ್ಸ್ ಟವರ್. ಒಂದು ಪೆನ್ಸಿಲ್ ಸುಲಭವಾಗಿ ಮುರಿಯುತ್ತದೆ, ಒಂಬತ್ತನ್ನು ಕಟ್ಟಿ ಹಿಡಿದರೆ ಮುರಿಯುವುದು ಕಷ್ಟ. ಹಾಗೆಯೇ 23 ಮೀಟರ್ ಅಗಲದ ಒಂಬತ್ತು ಚೌಕ ಕೊಳವೆಗಳನ್ನು ಒಟ್ಟಿಗೆ ಕಟ್ಟಿದರು. ಒಂಬತ್ತೂ 50ನೇ ಅಂತಸ್ತಿನವರೆಗೆ ಹೋಗುತ್ತವೆ, ಆಮೇಲೆ ಹಂತ ಹಂತವಾಗಿ ನಿಂತು ಕೊನೆಗೆ ಎರಡು ಮಾತ್ರ 110ನೇ ಅಂತಸ್ತು ಮುಟ್ಟುತ್ತವೆ. 1974ರಲ್ಲಿ ಮುಗಿದ, 442 ಮೀಟರ್ ಎತ್ತರದ ಈ ಕಟ್ಟಡ 1990ರ ದಶಕದ ಕೊನೆಯವರೆಗೂ ಜಗತ್ತಿನ ಅತಿ ಎತ್ತರದ ಕಟ್ಟಡ ಎನ್ನಿಸಿಕೊಂಡಿತ್ತು. ಈಗ ಅದರ ಹೆಸರು ವಿಲ್ಲಿಸ್ ಟವರ್. ಕಟ್ಟಿಸಿದ ಸಿಯರ್ಸ್ ಕಂಪನಿ 1990ರ ದಶಕದಲ್ಲಿ ಅದನ್ನು ಬಿಟ್ಟು ಊರಾಚೆಗೆ ಹೋಯಿತು. ಕಟ್ಟಡ ಗಟ್ಟಿಯಾಗಿದ್ದರೂ ಕಟ್ಟಿಸಿದವರ ಲೆಕ್ಕ ಗಟ್ಟಿಯಾಗಿರಬೇಕೆಂದಿಲ್ಲ. ಖಾನ್ ಅವರ ಕಟ್ಟಡಗಳಲ್ಲಿ ನನಗೆ ಎತ್ತರದ ಸಿಯರ್ಸ್‌ಗಿಂತ ಜನ ವಾಸಿಸುವ ಹ್ಯಾನ್‌ಕಾಕ್ ಹೆಚ್ಚು ಇಷ್ಟವಾಗುವುದು ಇದಕ್ಕೇ.

ಇಷ್ಟೆಲ್ಲ ಮಾಡುವ ಹೊತ್ತಿಗೆ ಅವರು ಅಮೆರಿಕದ ಪ್ರಜೆಯಾಗಿದ್ದರು. ಆದರೂ ಬೇರು ಕತ್ತರಿಸಿಕೊಂಡಿರಲಿಲ್ಲ. ರವೀಂದ್ರರ ಹಾಡುಗಳೆಂದರೆ ಅವರಿಗೆ ಪ್ರಾಣ. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಹೋರಾಟ ಶುರುವಾದಾಗ, ಸಿಯರ್ಸ್ ಟವರ್ ಕೆಲಸ ಜೋರಾಗಿ ನಡೆಯುತ್ತಿದ್ದ ದಿನಗಳಲ್ಲೇ, ಷಿಕಾಗೊದಲ್ಲಿ ಬಂಗಾಳಿಗಳನ್ನು ಸೇರಿಸಿ ಸಂಘ ಕಟ್ಟಿದರು. ಸಂತ್ರಸ್ತರಿಗೆ ಹಣ ಕೂಡಿಸಿದರು, ಅಮೆರಿಕದ ಜನಪ್ರತಿನಿಧಿಗಳ ಗಮನ ಸೆಳೆದರು. ಊರಿಗೆ ಮರಳದವನು ಊರಿಗೆ ಏನೂ ಮಾಡಲಿಲ್ಲ ಎಂದು ಸುಲಭವಾಗಿ ಹೇಳುವ ನಮ್ಮ ಅಭ್ಯಾಸಕ್ಕೆ ಇದೊಂದು ಉತ್ತರ. ಬಾಂಗ್ಲಾದೇಶ ಸರ್ಕಾರ ಅವರು ತೀರಿಕೊಂಡ ಬಳಿಕ, 1999ರಲ್ಲಿ, ಸ್ವಾತಂತ್ರ್ಯ ಪ್ರಶಸ್ತಿ ನೀಡಿ ಗೌರವಿಸಿತು.

ಅವರ ಕೊನೆಯ ದೊಡ್ಡ ಕೆಲಸಗಳಲ್ಲೊಂದು ಗಗನಚುಂಬಿಯೇ ಅಲ್ಲ. ಸೌದಿ ಅರೇಬಿಯಾದ ಜೆಡ್ಡಾ ವಿಮಾನ ನಿಲ್ದಾಣದಲ್ಲಿ ಹಜ್ ಯಾತ್ರಿಕರು ಇಳಿದು ಕಾಯುವ ಟರ್ಮಿನಲ್. ವರ್ಷದ ಕೆಲವೇ ವಾರ ಲಕ್ಷಾಂತರ ಜನ ಬರುತ್ತಾರೆ, ಬಿಸಿಲು ಸುಡುತ್ತದೆ. ಅಷ್ಟು ಜಾಗಕ್ಕೆಲ್ಲ ಎ.ಸಿ. ಹಾಕಿದರೆ ಖರ್ಚಿಗೆ ಮಿತಿಯಿಲ್ಲ. ಖಾನ್ ತಂಡ ಮರುಭೂಮಿಯ ಡೇರೆಯನ್ನೇ ಮಾದರಿ ಮಾಡಿಕೊಂಡಿತು. ಉಕ್ಕಿನ ಕಂಬಗಳಿಂದ ತೂಗುಹಾಕಿದ 210 ಬಟ್ಟೆಯ ಡೇರೆಗಳು. ಬಿಳಿ ಬಟ್ಟೆ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಕಳಿಸಿ ಸ್ವಲ್ಪ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಬಿಸಿಗಾಳಿ ಮೇಲೇರಿ ತುದಿಯ ಕಿಂಡಿಯಿಂದ ಹೊರಹೋಗುತ್ತದೆ, ತೆರೆದ ಬದಿಗಳಿಂದ ಗಾಳಿ ಒಳಗೆ ಬರುತ್ತದೆ. ಅಲ್ಲಿ ಉಕ್ಕು ಉಳಿಸಿದವರು ಇಲ್ಲಿ ವಿದ್ಯುತ್ ಉಳಿಸಿದರು. 1983ರಲ್ಲಿ ಇದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಅದನ್ನು ನೋಡಲು ಖಾನ್ ಇರಲಿಲ್ಲ. 1982ರ ಮಾರ್ಚ್ 27ರಂದು ಅದೇ ಜೆಡ್ಡಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. 53 ತುಂಬಲು ಒಂದು ವಾರ ಬಾಕಿಯಿತ್ತು. ಷಿಕಾಗೊದಲ್ಲೇ ಅವರನ್ನು ಮಣ್ಣು ಮಾಡಿದರು.

ಇವತ್ತು ಜಗತ್ತಿನಲ್ಲಿ ಏಳುತ್ತಿರುವ ಎಷ್ಟೋ ಎತ್ತರದ ಕಟ್ಟಡಗಳು ಅವರು ತೋರಿದ ದಾರಿಯಲ್ಲೇ ಅಥವಾ ಅದರ ಕವಲುಗಳಲ್ಲೇ ನಿಂತಿವೆ. ಎಷ್ಟು ಅಂತಸ್ತಿಗೆ ಯಾವ ವ್ಯವಸ್ಥೆ ಮಿತವ್ಯಯದ್ದು ಎಂದು ಅವರು ಚಿತ್ರ ಬರೆದು ಪ್ರಕಟಿಸಿದ್ದರು. ತನಗೆ ತಿಳಿದದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಆ ಚಿತ್ರ ಈಗಲೂ ಪಠ್ಯಗಳಲ್ಲಿದೆ.

ಗೆಳೆಯರೇ, ಸಿವಿಲ್ ಓದಿದರೆ ಕೆಲಸ ಸಿಗುವುದಿಲ್ಲ ಎಂಬ ಮಾತನ್ನು ನಾನೂ ದಿನಾ ಕೇಳುತ್ತೇನೆ. ಖಾನ್ ಜೀವನ ಓದಿದರೆ ಕೆಲಸ ಸಿಕ್ಕಿಬಿಡುತ್ತದೆ ಎಂದು ಹೇಳಲಾರೆ. ಆದರೆ ನಮ್ಮ ಊರುಗಳಲ್ಲಿ ಮನೆಯಿಲ್ಲದವರು, ನೀರಿಲ್ಲದ ಬಡಾವಣೆಗಳು, ಮಳೆ ಬಂದರೆ ಮುಳುಗುವ ರಸ್ತೆಗಳು ಇರುವಷ್ಟು ದಿನ ಎಂಜಿನಿಯರ್‌ಗೆ ಮಾಡಲು ಕೆಲಸವಿಲ್ಲ ಎನ್ನಲಾಗದು. ಕೊನೆಯ ವರ್ಷದಲ್ಲಿರುವವರು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ನಿಮ್ಮ ಬೀದಿಯ ಒಂದು ತೊಂದರೆಯನ್ನೇ ಎತ್ತಿಕೊಳ್ಳಿ. ಅದನ್ನು ಈಗಿನದಕ್ಕಿಂತ ಕಡಿಮೆ ಖರ್ಚಿನಲ್ಲಿ, ಕಡಿಮೆ ಸಾಮಗ್ರಿಯಲ್ಲಿ ಸರಿಪಡಿಸುವುದು ಹೇಗೆ ಎಂದು ಲೆಕ್ಕ ಹಾಕಿ ನೋಡಿ.