ದವಡೆಯ ಗಡ್ಡೆಗೆ ಸೂಜಿ ಮುಟ್ಟಿಸಿದರೆ ಕ್ಯಾನ್ಸರ್ ಆಗುತ್ತದೆಯೇ? ಪಿಂಡ್‌ಬೋರ್ಗ್ ಅವರ ಕಥೆ ಓದಿ

ಬಾಯಲ್ಲಿ ಗಡ್ಡೆ ಕಂಡರೆ ಸೂಜಿ, ಕತ್ತರಿ ಮುಟ್ಟಿಸಬಾರದು, ಮುಟ್ಟಿಸಿದರೆ ಅದು ಕ್ಯಾನ್ಸರ್ ಆಗಿ ಮೈಗೆಲ್ಲ ಹರಡುತ್ತದೆ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಬಿಳಿಗೆರೆ, ನಂಜನಗೂಡು, ತಿ. ನರಸೀಪುರದ ಕಡೆ ಎಲೆ ಅಡಿಕೆ, ಕಡ್ಡಿಪುಡಿ ಹಾಕುವವರು ಇರುವ ಮನೆಗಳಲ್ಲಿ ಬಾಯಿ ಕ್ಯಾನ್ಸರ್‌ನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ದವಡೆಯ ಪ್ರತಿ ಊತವೂ ಕ್ಯಾನ್ಸರ್ ಅಲ್ಲ. ಹಾಗೆಂದು ಪ್ರತಿ ಊತವೂ ಹಲ್ಲಿನ ಕೀವೂ ಅಲ್ಲ. ಇವೆರಡರ ನಡುವೆ ಇನ್ನೊಂದು ಗುಂಪು ಇದೆ: ಹಲ್ಲು ರೂಪುಗೊಳ್ಳುವ ಅಂಗಾಂಶದಿಂದಲೇ ಹುಟ್ಟುವ, ಬಹುಪಾಲು ನಿರುಪದ್ರವಿ ಗಡ್ಡೆಗಳು. ಅವುಗಳಲ್ಲಿ ಅಪರೂಪದ ಒಂದಕ್ಕೆ ಒಬ್ಬ ಹಲ್ಲಿನ ವೈದ್ಯರ ಹೆಸರೇ ಉಳಿದುಕೊಂಡಿದೆ.

ಅವರು ಡೆನ್ಮಾರ್ಕ್‌ನ ಯೆನ್ಸ್ ಯೋರ್ಗನ್ ಪಿಂಡ್‌ಬೋರ್ಗ್. ಹುಟ್ಟಿದ್ದು 1921ರಲ್ಲಿ. ನಮ್ಮ ಬಿಡಿಎಸ್ ವಿದ್ಯಾರ್ಥಿಗಳಿಗೆ ಈ ಹೆಸರು ಪರೀಕ್ಷೆಯ ಪ್ರಶ್ನೆಯಾಗಿ ಚೆನ್ನಾಗಿ ಗೊತ್ತು. ಕೋಪನ್‌ಹೇಗನ್‌ನಲ್ಲಿ ಕೆಲಸ ಮಾಡುತ್ತಿದ್ದ ಅವರು ಹಲ್ಲು ಕೀಳುವುದಕ್ಕಿಂತ, ಬಾಯಿಯಿಂದ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೇ ಹೆಚ್ಚು ಹೆಸರಾದರು.

1955ರಲ್ಲಿ, ಮೂವತ್ತರ ಹರೆಯದಲ್ಲಿದ್ದಾಗ, ಅವರು ಮೂವರು ರೋಗಿಗಳ ಗಡ್ಡೆಗಳನ್ನು ವಿವರಿಸಿ ಇದೊಂದು ಬೇರೆಯೇ ಕಾಯಿಲೆ ಎಂದು ತೋರಿಸಿದರು. ಇಂಥವನ್ನು ಅದುವರೆಗೆ ಅಮೆಲೋಬ್ಲಾಸ್ಟೋಮಾ ಎಂಬ ಇನ್ನೊಂದು ದವಡೆ ಗಡ್ಡೆಯ ಲೆಕ್ಕಕ್ಕೋ ಬೇರೆ ಯಾವುದಾದರೂ ಹೆಸರಿಗೋ ಸೇರಿಸಿಬಿಡುತ್ತಿದ್ದರು. ಈ ಹೊಸ ಗಡ್ಡೆ ಸಾಮಾನ್ಯವಾಗಿ ಕೆಳದವಡೆಯ ಹಿಂಭಾಗದಲ್ಲಿ, ನೋವಿಲ್ಲದೆ, ನಿಧಾನವಾಗಿ ಬೆಳೆಯುತ್ತದೆ. ಹೆಚ್ಚಾಗಿ ಕಾಣುವುದು 30ರಿಂದ 50ರ ವಯಸ್ಸಿನಲ್ಲಿ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಹೊರಗೆ ಬಾರದೆ ಮೂಳೆಯೊಳಗೇ ಉಳಿದ ಹಲ್ಲೊಂದು ಅದರ ಜೊತೆಗಿರುತ್ತದೆ. ಎಕ್ಸ್‌ರೇಯಲ್ಲಿ ಕಪ್ಪು ಜಾಗದ ನಡುವೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣಬಹುದು. ಅವು ಗಡ್ಡೆಯೊಳಗೆ ಗಟ್ಟಿಯಾದ ಕ್ಯಾಲ್ಸಿಯಂ.

ನಿಜವಾದ ಕಷ್ಟ ಶುರುವಾಗುವುದು ಸೂಕ್ಷ್ಮದರ್ಶಕದ ಕೆಳಗೆ. ಈ ಗಡ್ಡೆಯ ಜೀವಕೋಶಗಳು ಒಂದರಂತೆ ಒಂದಿರುವುದಿಲ್ಲ. ಕೆಲವಕ್ಕೆ ದೊಡ್ಡ, ಕಡುಬಣ್ಣದ ಕೋಶಕೇಂದ್ರ. ಮೇಲ್ನೋಟಕ್ಕೆ ಕ್ಯಾನ್ಸರೇ! ಆದರೆ ಕೋಶಗಳು ಅಡ್ಡಾದಿಡ್ಡಿಯಾಗಿ ಒಡೆದು ಹೆಚ್ಚುತ್ತಿರುವ ಗುರುತು ಅಲ್ಲಿ ಇರುವುದಿಲ್ಲ. ಜೊತೆಗೆ ಕ್ಯಾಲ್ಸಿಯಂನ ಉಂಗುರಗಳು, ಅಮೈಲಾಯ್ಡ್ ಎಂಬ ವಸ್ತು ಕಾಣುತ್ತವೆ. ಕಾಂಗೋ ರೆಡ್ ಬಣ್ಣ ಹಾಕಿ ವಿಶೇಷ ಬೆಳಕಿನಲ್ಲಿ ನೋಡಿದರೆ ಅಮೈಲಾಯ್ಡ್ ಹಸಿರಾಗಿ ಹೊಳೆಯುತ್ತದೆ. ಇದು ಗೊತ್ತಿಲ್ಲದವರು ಕ್ಯಾನ್ಸರ್ ಎಂದು ಬರೆದರೆ ರೋಗಿ ಬೇಕಿಲ್ಲದ ದೊಡ್ಡ ಶಸ್ತ್ರಚಿಕಿತ್ಸೆಗೆ, ರೇಡಿಯೇಷನ್‌ಗೆ ಒಳಗಾಗಬಹುದು. ಪಿಂಡ್‌ಬೋರ್ಗ್ ಕೊಟ್ಟ ವಿವರಣೆಯ ಬೆಲೆ ಇರುವುದು ಇಲ್ಲಿ. 1971ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲ್ಲುಮೂಲದ ಗಡ್ಡೆಗಳ ವರ್ಗೀಕರಣ ಪ್ರಕಟಿಸಿದಾಗ ಅದನ್ನು ಸಿದ್ಧಪಡಿಸಿದವರಲ್ಲಿ ಅವರೂ ಒಬ್ಬರು.

ಅವರಿಗೆ ನಮ್ಮ ಬಾಯಿಗಳೂ ಗೊತ್ತಿದ್ದವು. 1960ರ ದಶಕದಲ್ಲಿ ಅವರು ಇಲ್ಲಿನ ವೈದ್ಯರ ಜೊತೆ ಸೇರಿ ಬೆಂಗಳೂರಿನಲ್ಲಿ 10,000 ಜನರ ಬಾಯಿಯೊಳಗಿನ ಬಿಳಿ ಮಚ್ಚೆಗಳ ಅಧ್ಯಯನ ಮಾಡಿದರು. ಮುಂಬೈ, ಲಖನೌಗಳಲ್ಲೂ ಇಂಥದೇ ಅಧ್ಯಯನ ನಡೆಯಿತು. ಆಮೇಲೆ ಡಾ. ಫಾಲಿ ಮೆಹ್ತಾ ಅವರ ತಂಡದೊಂದಿಗೆ ಹಳ್ಳಿಗಳತ್ತ ಹೊರಟರು: ಐದು ಜಿಲ್ಲೆಗಳು, ಮನೆಮನೆ ಭೇಟಿ, 50,000ಕ್ಕೂ ಹೆಚ್ಚು ಜನ. ಹೊಗೆಸೊಪ್ಪು ಜಗಿಯುವವರ, ಸೇದುವವರ ಬಾಯಲ್ಲಿ ಕ್ಯಾನ್ಸರ್‌ಗೆ ಮುಂಚೆಯೇ ಏನೇನು ಬದಲಾಗುತ್ತದೆ ಎಂದು ನೋಡುವುದು ಉದ್ದೇಶ. ನಿರುಪದ್ರವಿ ಗಡ್ಡೆಯನ್ನು ಕ್ಯಾನ್ಸರ್ ಎನ್ನಬಾರದೆಂದು ಅಷ್ಟು ಎಚ್ಚರ ವಹಿಸಿದವರೇ, ನಾವು ನಿರುಪದ್ರವಿ ಎಂದುಕೊಂಡ ಬಿಳಿ ಮಚ್ಚೆಯನ್ನು ಅಷ್ಟೇ ಅನುಮಾನದಿಂದ ನೋಡಿದರು. ನನಗೆ ಅವರ ಇಡೀ ಬದುಕಿನಲ್ಲಿ ಇದೇ ದೊಡ್ಡದಾಗಿ ಕಾಣುತ್ತದೆ. 1995ರಲ್ಲಿ ಅವರು ತೀರಿಕೊಂಡರು.

ಈಗ ಆ ಸಂದೇಶಕ್ಕೆ ಬರೋಣ. ಬಯಾಪ್ಸಿ ಮಾಡಿದ್ದರಿಂದ ಸಾದಾ ಗಡ್ಡೆ ಕ್ಯಾನ್ಸರ್ ಆಗುವುದಿಲ್ಲ. ಪಿಂಡ್‌ಬೋರ್ಗ್ ಗಡ್ಡೆಯನ್ನು ಎಕ್ಸ್‌ರೇ ನೋಡಿ ಅನುಮಾನಿಸಬಹುದು, ಖಚಿತಪಡಿಸಲು ತುಣುಕು ಬೇಕೇ ಬೇಕು. ದವಡೆಯ ಊತ ರಕ್ತನಾಳಗಳದ್ದಿರಬಹುದು ಎಂಬ ಅನುಮಾನವಿದ್ದರೆ ವೈದ್ಯರು ಮೊದಲೇ ಅದನ್ನು ಪರೀಕ್ಷಿಸಿಕೊಳ್ಳುತ್ತಾರೆ. ಪಿಂಡ್‌ಬೋರ್ಗ್ ಗಡ್ಡೆ ಎಂದು ತಿಳಿದರೆ ಸುತ್ತಲಿನ ಸ್ವಲ್ಪ ಮೂಳೆಯೊಂದಿಗೆ ತೆಗೆಯುತ್ತಾರೆ. ಪೂರ್ತಿ ತೆಗೆಯದಿದ್ದರೆ ಮತ್ತೆ ಬರಬಹುದು, ಆದ್ದರಿಂದ ಕೆಲವು ವರ್ಷ ತಪಾಸಣೆಗೆ ಹೋಗುತ್ತಿರಬೇಕು.

ವರದಿಯಲ್ಲಿ ಈ ಹೆಸರು ಕಂಡರೆ ಗೂಗಲ್ ಮಾಡಿ ಗಾಬರಿಯಾಗಬೇಡಿ. ಅನುಮಾನ ಉಳಿದರೆ ಲ್ಯಾಬಿನಿಂದ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಮೈಸೂರಿನ ದಂತ ವೈದ್ಯಕೀಯ ಕಾಲೇಜಿನ ಓರಲ್ ಪೆಥಾಲಜಿ ವಿಭಾಗದಲ್ಲಿ ಅದನ್ನು ಇನ್ನೊಮ್ಮೆ ತೋರಿಸಬಹುದು. ಮತ್ತೆ ತುಣುಕು ತೆಗೆಸಬೇಕಾಗಿ ಬರುವುದು ಕಡಿಮೆ.